ಯಾರ ಬಾವಿ, ಯಾರ ನೀರು?

ಪೆರು ದೇಶದ ಗುರು ಗುಸ್ತಾವೊ ಗುಟಿಯೆರೆಜ್ ಅವರು 2024ರ ಅಕ್ಟೋಬರ್ 22ರಂದು ತಮ್ಮ 96ನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಅವರ ಹೆಸರು ಕೇಳಿದೊಡನೆ ಗುರುಮಠದಲ್ಲಿ ಓದಿದವರಿಗೆ ನೆನಪಾಗುವುದು 1971ರಲ್ಲಿ ಪ್ರಕಟವಾದ ವಿಮೋಚನಾ ದೈವಶಾಸ್ತ್ರದ ಗ್ರಂಥ. ಅದನ್ನು ಹೊಗಳಿದವರೂ ತೆಗಳಿದವರೂ ಅನೇಕರು. ಪೂರ್ತಿಯಾಗಿ ಓದಿದವರು ಬಹುಶಃ ಅಷ್ಟಿಲ್ಲ. 1983ರಲ್ಲಿ ಸ್ಪಾನಿಷ್ ಭಾಷೆಯಲ್ಲಿ ಬಂದು ಮರುವರ್ಷವೇ ಇಂಗ್ಲಿಷಿಗೆ ಅನುವಾದಗೊಂಡ ಅವರ ಇನ್ನೊಂದು ಚಿಕ್ಕ ಕೃತಿಯಿದೆ. ‘ನಮ್ಮ ಬಾವಿಯ ನೀರನ್ನೇ ಕುಡಿಯುತ್ತೇವೆ’ ಎಂಬ ಅರ್ಥ ಕೊಡುವ ಅದರ ಹೆಸರಿಗೆ ಮೂಲ ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರ ಒಂದು ಮಾತು. ನ್ಯಾಯಕ್ಕಾಗಿ ದುಡಿಯುವವರು ಎಲ್ಲಿಂದ ಬಲ ಪಡೆಯುತ್ತಾರೆ ಎಂಬ ಪ್ರಶ್ನೆಗೆ ನಮ್ಮ ಕಾಲದಲ್ಲಿ ಬಂದ ಪ್ರಾಮಾಣಿಕ ಉತ್ತರಗಳಲ್ಲಿ ಇದೊಂದು ಎಂಬುದು ನನ್ನ ಅಭಿಪ್ರಾಯ. ಆದರೂ ಮುಧೋಳ ಸೀಮೆಯ ಈ ಸುಣ್ಣಕಲ್ಲಿನ ನೆಲದಲ್ಲಿ, ಲೋಕಾಪುರದಲ್ಲಿ ಕುಳಿತು ಓದುವಾಗ ಪುಸ್ತಕದ ಹೆಸರೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಕಾರಣಕ್ಕೆ ಆಮೇಲೆ ಬರುತ್ತೇನೆ.

ಗುಟಿಯೆರೆಜ್ ಅವರು ಬಹುಕಾಲ ಲೀಮಾ ನಗರದ ರೀಮಾಕ್ ಎಂಬ ಬಡವರ ಬಡಾವಣೆಯಲ್ಲಿ ಗುರುಸೇವೆ ಮಾಡಿದವರು. 1984ರಲ್ಲಿ ರೋಮಿನ ವಿಶ್ವಾಸ ಸಿದ್ಧಾಂತ ಪೀಠವು ವಿಮೋಚನಾ ದೈವಶಾಸ್ತ್ರದ ಕೆಲವು ಒಲವುಗಳ ಬಗ್ಗೆ, ವಿಶೇಷವಾಗಿ ಮಾರ್ಕ್ಸ್‌ವಾದಿ ವಿಶ್ಲೇಷಣೆಯನ್ನು ವಿಮರ್ಶೆಯಿಲ್ಲದೆ ಸ್ವೀಕರಿಸುವುದರ ಬಗ್ಗೆ ಎಚ್ಚರಿಕೆ ನೀಡಿತು. ಪ್ರಾರ್ಥನೆಯ ಜಾಗದಲ್ಲಿ ರಾಜಕೀಯವನ್ನು ಕೂರಿಸುತ್ತಾರೆ ಎಂಬ ದೂರು ಆಗ ಎಲ್ಲೆಡೆ ಕೇಳಿಬರುತ್ತಿತ್ತು. ಅದಕ್ಕೊಂದು ವರ್ಷ ಮೊದಲೇ ಇದೇ ಲೇಖಕರು ಪ್ರಾರ್ಥನೆಯ ಕುರಿತೇ ಒಂದು ಇಡೀ ಪುಸ್ತಕ ಬರೆದಿದ್ದರೆಂಬುದನ್ನು ದೂರುವವರು ಗಮನಿಸಿದಂತಿಲ್ಲ.

ಅವರ ಮೊದಲ ತಕರಾರು ನಮ್ಮ ರೂಢಿಯ ಆಧ್ಯಾತ್ಮಿಕತೆಯೊಂದಿಗೇ. ಅದು ಹಿಂದಿನಿಂದಲೂ ಕೆಲವೇ ಜನರ, ಅಂದರೆ ಮಠವಾಸಿಗಳ ಸೊತ್ತಾಯಿತು. ಜೊತೆಗೆ ಒಬ್ಬೊಬ್ಬರ ಅಂತರಂಗದ ಖಾಸಗಿ ವ್ಯವಹಾರವಾಯಿತು ಎನ್ನುತ್ತಾರೆ. ಇಸ್ರಯೇಲರು ದೇವರನ್ನು ಅರಿತದ್ದು ಜನಾಂಗವಾಗಿ, ಮರುಭೂಮಿಯಲ್ಲಿ ಒಟ್ಟಿಗೆ ನಡೆಯುತ್ತಾ. ಆದ್ದರಿಂದ ಬಡಜನರು ನ್ಯಾಯದತ್ತ ನಡೆಯುವ ದಾರಿಯೇ ಅವರ ಪ್ರಾರ್ಥನೆಯ ನೆಲವೂ ಹೌದೆಂಬುದು ಅವರ ವಾದ. ನಮ್ಮ ಧರ್ಮಕೇಂದ್ರಗಳನ್ನು ನೋಡಿದರೆ ಈ ತಕರಾರು ಹಳೆಯದಾಗಿಲ್ಲ. ಧ್ಯಾನಕೂಟಕ್ಕೆ ಬರುವವರು ಒಂದು ಗುಂಪು, ಸ್ವಸಹಾಯ ಸಂಘ ನಡೆಸುವವರು ಇನ್ನೊಂದು ಗುಂಪು. ಒಬ್ಬರ ದೃಷ್ಟಿಯಲ್ಲಿ ಮತ್ತೊಬ್ಬರು ಭಕ್ತಿಯಿಲ್ಲದವರು. ಮತ್ತೊಬ್ಬರ ದೃಷ್ಟಿಯಲ್ಲಿ ಇವರು ಕೆಲಸಗೇಡಿಗಳು. ಸಮಾಜಸೇವಾ ಕೇಂದ್ರಗಳಲ್ಲಿ ಯೋಜನೆ, ವರದಿ, ಲೆಕ್ಕಪರಿಶೋಧನೆಗಳ ನಡುವೆ ಬೆಳಗಿನ ಪ್ರಾರ್ಥನೆ ಎಷ್ಟು ನಿಮಿಷಕ್ಕೆ ಇಳಿದಿದೆ ಎಂದು ಅಲ್ಲಿರುವವರೇ ಹೇಳಬೇಕು.

ಪುಸ್ತಕದ ಮೂರನೆಯ ಭಾಗದಲ್ಲಿ ಐದು ಅಧ್ಯಾಯಗಳಿವೆ: ಮನಪರಿವರ್ತನೆ, ನಿರ್ಹೇತುಕ ಪ್ರೀತಿ, ಆನಂದ, ಆಧ್ಯಾತ್ಮಿಕ ಶಿಶುತ್ವ, ಸಮುದಾಯ. ಇವುಗಳಲ್ಲಿ ನಿರ್ಹೇತುಕ ಪ್ರೀತಿಯ ಅಧ್ಯಾಯವೇ ಕೃತಿಯ ಪ್ರಾಣ. ವಿಶ್ವಾಸವು ಹೋರಾಟಗಾರರಿಗೆ ಬಲ ಕೊಡುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾಗೆ ಹೇಳುವಾಗ ಪ್ರಾರ್ಥನೆಯನ್ನು ಟಾನಿಕ್ಕಿನಂತೆ ಭಾವಿಸುತ್ತೇವೆ: ಸುಸ್ತಾದಾಗ ಎರಡು ಚಮಚ ಕುಡಿದು ಮತ್ತೆ ಕೆಲಸಕ್ಕೆ ಹೊರಡುವುದು. ಗುಟಿಯೆರೆಜ್ ಈ ಲೆಕ್ಕಾಚಾರವನ್ನು ಒಪ್ಪುವುದಿಲ್ಲ. ಬಡವರ ಪರವಾದ ಕೆಲಸ ಪರಿಣಾಮಕಾರಿಯಾಗಿರಲೇಬೇಕೆಂದು ಅವರು ಒತ್ತಿ ಹೇಳುತ್ತಾರೆ. ಒಳ್ಳೆಯ ಉದ್ದೇಶವಿದ್ದರೆ ಸಾಕು, ಫಲ ಬೇಡ ಎನ್ನುವ ಸೋಮಾರಿತನ ಅವರಲ್ಲಿಲ್ಲ. ಆದರೆ ಪ್ರಾರ್ಥನೆ ಮಾತ್ರ ಯಾವುದಕ್ಕೂ ಸಾಧನವಲ್ಲ. ಪ್ರೀತಿಸುವವರು ಒಬ್ಬರಿಗೊಬ್ಬರು ಕೊಡುವ ಹೊತ್ತಿನಂತೆ ಅದೂ ಲೋಕದ ಕಣ್ಣಿಗೆ ವ್ಯರ್ಥ ಕಾಲ. ದೇವರು ನಮ್ಮನ್ನು ಮೊದಲು ಪ್ರೀತಿಸಿದ್ದು ನಮ್ಮ ಯೋಗ್ಯತೆ ನೋಡಿ ಅಲ್ಲ. ಬಡವರ ಬಳಿಗೆ ನಾವು ಹೋಗಬೇಕಾದದ್ದೂ ಅವರು ಒಳ್ಳೆಯವರೆಂದಲ್ಲ. ಇದನ್ನು ಪ್ರಾರ್ಥನೆಯಲ್ಲಿ ಕಲಿಯದವರು ಬಡವರಿಂದ ಕೃತಜ್ಞತೆಯನ್ನೂ ಹೋರಾಟದಿಂದ ಗೆಲುವನ್ನೂ ಬಡ್ಡಿಯಂತೆ ವಸೂಲು ಮಾಡಲು ಹೊರಡುತ್ತಾರೆ, ಸಿಗದಿದ್ದಾಗ ಕಹಿಯಾಗುತ್ತಾರೆ. ಜನರ ಭಾರ ತಾಳಲಾರದೆ ಸಾವನ್ನೇ ಬೇಡಿದ ಮೋಶೆ, ಗಿಡದ ಕೆಳಗೆ ಮಲಗಿ ಸಾಕೆಂದ ಎಲೀಯ, ಇವರಿಗೆ ದೇವರು ಮೊದಲು ಕೊಟ್ಟದ್ದು ಉಪದೇಶವಲ್ಲ. ಒಬ್ಬರಿಗೆ ಭಾರ ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರು, ಇನ್ನೊಬ್ಬರಿಗೆ ರೊಟ್ಟಿ ಮತ್ತು ನೀರು.

ನಮ್ಮ ನಾಡಿನ ಒಂದು ನಿದರ್ಶನದ ಮೇಲೆ ಈ ಅಧ್ಯಾಯವನ್ನು ಒರೆಹಚ್ಚಬಹುದು. ಯೇಸುಸಭೆಯ 32ನೆಯ ಮಹಾಸಭೆ 1974–75ರಲ್ಲಿ ನಡೆದು, ತನ್ನ ನಾಲ್ಕನೆಯ ನಿರ್ಣಯದಲ್ಲಿ ವಿಶ್ವಾಸದ ಸೇವೆಯನ್ನೂ ನ್ಯಾಯದ ಸ್ಥಾಪನೆಯನ್ನೂ ಬೇರ್ಪಡಿಸಲಾಗದಂತೆ ಹೆಣೆಯಿತು. ಅದೇ ಹೊತ್ತಿಗೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ಹೊಣೆ ಹೊತ್ತವರು ತಮಿಳುನಾಡು ಮೂಲದ ಫಾದರ್ ಸ್ಟ್ಯಾನ್ ಸ್ವಾಮಿ. ಒಂದು ದಶಕಕ್ಕೂ ಮಿಕ್ಕಿ ಇಲ್ಲಿ ಕಾರ್ಯಕರ್ತರನ್ನು ತರಬೇತುಗೊಳಿಸಿ, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ನೆಲಸಿದರು. 2020ರ ಅಕ್ಟೋಬರ್ 8ರಂದು ಬಂಧನವಾದಾಗ ಅವರಿಗೆ 83 ವರ್ಷ, ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು. ಆರೋಪಗಳನ್ನು ಅವರು ನಿರಾಕರಿಸಿದ್ದರು. ನೀರು ಕುಡಿಯಲು ಹೀರುಕೊಳವೆಯ ಲೋಟಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ಅದು ಕೈಸೇರಲು ವಾರಗಳೇ ಹಿಡಿದವು. ವಿಚಾರಣೆ ಆರಂಭವಾಗುವ ಮೊದಲೇ, ಜಾಮೀನಿನ ಅರ್ಜಿ ಉಚ್ಚ ನ್ಯಾಯಾಲಯದಲ್ಲಿರುವಾಗಲೇ, 2021ರ ಜುಲೈ 5ರಂದು ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಸೆರೆಮನೆಯಿಂದ ಅವರು ಬರೆದ ಪತ್ರಗಳಲ್ಲಿ ತಮ್ಮ ಊಟ ಸ್ನಾನಗಳಿಗೆ ನೆರವಾಗುತ್ತಿದ್ದ ಸಹಬಂದಿಗಳ ಪ್ರಸ್ತಾಪವಿದೆ, ಅವರಿಗಾಗಿ ಪ್ರಾರ್ಥಿಸಿರೆಂಬ ಕೋರಿಕೆಯಿದೆ. ಫಲದ ಲೆಕ್ಕ ಹಾಕಿದರೆ ಈ ಬದುಕು ಸೋಲೆಂದೇ ಬರೆಯಬೇಕು. ಆದರೆ ಆ ಪತ್ರಗಳಲ್ಲಿ ಕಹಿಯಿಲ್ಲ. ಗುಟಿಯೆರೆಜ್ ನಿರ್ಹೇತುಕ ಪ್ರೀತಿಯೆಂದು ಕರೆದದ್ದರ ಅರ್ಥ ಪುಟಗಳಿಗಿಂತ ಇಲ್ಲಿ ಹೆಚ್ಚು ಸ್ಪಷ್ಟವಾಗುತ್ತದೆ.

ಇನ್ನು ಗಂಟಲಲ್ಲಿ ಸಿಕ್ಕಿಕೊಂಡ ಮಾತು. ‘ನಮ್ಮ ಬಾವಿ’ ಎಂದರೆ ಯಾರದು? ಲೀಮಾದಲ್ಲಿ ಬಡವರೂ ಧರ್ಮಸಭೆಯೂ ಬಹುಮಟ್ಟಿಗೆ ಒಂದೇ ವಿಶ್ವಾಸದವರು; ಆದ್ದರಿಂದ ಲೇಖಕರು ನಿರಾತಂಕವಾಗಿ ‘ನಮ್ಮ’ ಎನ್ನುತ್ತಾರೆ. ನಮ್ಮ ದೇಶದಲ್ಲಿ ಬಾವಿಯೇ ಅನ್ಯಾಯದ ಗುರುತು. ದಲಿತರು ಊರ ಬಾವಿಯ ಹತ್ತಿರ ಕೊಡ ಹಿಡಿದು ನಿಂತು, ಯಾರಾದರೂ ಮೇಲಿನಿಂದ ನೀರು ಸುರಿದಾರೆಂದು ಕಾದ ನಾಡು ಇದು. ಡಾ. ಅಂಬೇಡ್ಕರ್ ಅವರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದದ್ದೇ ಒಂದು ದಂಗೆಯೆನಿಸಿಕೊಂಡಿತು. ಧರ್ಮಸಭೆಯೂ ಇದರಿಂದ ಹೊರತಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರ ಡಿಸೆಂಬರಿನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ನಮ್ಮೊಳಗೇ ಅಸ್ಪೃಶ್ಯತೆ ಉಳಿದಿರುವುದನ್ನು ಒಪ್ಪಿಕೊಂಡಿದೆ. ಯಕೋಬನ ಬಾವಿಯ ಬಳಿ ಯೇಸು ಸಮಾರಿಯದ ಹೆಂಗಸಿನ ಕೊಡದಿಂದ ನೀರು ಬೇಡಿದ ಪ್ರಸಂಗ ಈ ಪುಸ್ತಕದ ಮಧ್ಯದಲ್ಲಿರಬೇಕಿತ್ತು ಎಂದು ನನಗನ್ನಿಸುತ್ತದೆ. ತನ್ನ ಬಾವಿಯದಲ್ಲದ ನೀರನ್ನು, ಮುಟ್ಟಬಾರದವರ ಕೈಯಿಂದ ಬೇಡುವುದು ನಮಗೆ ಬೇಕಾದ ಆಧ್ಯಾತ್ಮಿಕತೆ.

ಎರಡನೆಯ ಆಕ್ಷೇಪ ಇನ್ನೂ ಹತ್ತಿರದ್ದು. ಬಡಜನರ ಭಕ್ತಿಯನ್ನು ಗುಟಿಯೆರೆಜ್ ಬಹುವಾಗಿ ನೆಚ್ಚುತ್ತಾರೆ. ಆದರೆ ಮುಧೋಳ, ಜಮಖಂಡಿ, ಬನಹಟ್ಟಿ ಸೀಮೆಯಲ್ಲಿ ಭಕ್ತಿಯ ಹೆಸರಿನಲ್ಲೇ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಲಾಯಿತು. ಮನೆಯಲ್ಲಿ ಕಾಯಿಲೆ ಬಂದರೆ, ಮಗುವಿನ ಕೂದಲು ಜಡೆಗಟ್ಟಿದರೆ ದೇವಿಯ ಕರೆಯೆಂದು ನಂಬಿಸಿದರು. ಬಲಿಯಾದವರು ಹೆಚ್ಚಾಗಿ ದಲಿತ ಮನೆಗಳ ಹುಡುಗಿಯರು. ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ಕಾನೂನು ಬಂತು, ಆದರೆ ಮುಧೋಳ ಮತ್ತು ಜಮಖಂಡಿ ಆಗ ಬೇರೆ ಬೇರೆ ಸಂಸ್ಥಾನಗಳು, ಪ್ರಾಂತದಲ್ಲಿ ವಿಲೀನವಾದದ್ದು 1948ರಲ್ಲಿ. ಕರ್ನಾಟಕದ ನಿಷೇಧ ಕಾಯ್ದೆ 1982ರದು. ಎಲ್ಲಮ್ಮನ ಭಕ್ತರನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಭಕ್ತಿಯನ್ನು ಸಂಕೋಲೆಯಾಗಿಸಿದ ಚರಿತ್ರೆ ಎಲ್ಲ ಧರ್ಮಗಳಿಗೂ ಇದೆ, ನಮಗೂ ಇದೆ. ಆದರೆ ಭಕ್ತಿಯೆಂದ ಮಾತ್ರಕ್ಕೆ ಅದು ನ್ಯಾಯದ ಬೆನ್ನಿಗೆ ನಿಲ್ಲುತ್ತದೆ ಎಂದು ಈ ಸೀಮೆಯಲ್ಲಿದ್ದು ಬರೆಯಲು ಬರುವುದಿಲ್ಲ. ಯಾವ ದೇವರು, ಯಾರ ಪರವಾದ ದೇವರು ಎಂದು ಮೊದಲು ಕೇಳಬೇಕಾಗುತ್ತದೆ. ಆ ಪ್ರಶ್ನೆಯನ್ನು ನಮ್ಮದೇ ಜಿಲ್ಲೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ಎಂಟುನೂರು ವರ್ಷಗಳ ಹಿಂದೆಯೇ ಕೇಳಿದ್ದರು.

ಈ ಸಂಕೋಲೆ ಬಿಡಿಸುವ ಕೆಲಸದಲ್ಲಿ ಮುಂದೆ ನಿಂತವರಲ್ಲಿ ಅದನ್ನು ಉಟ್ಟವರೇ ಇದ್ದಾರೆ. ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ 1997ರಲ್ಲಿ, ಮೈರಾಡ ಹಾಗೂ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ನೆರವಿನಿಂದ, ಮಾಜಿ ದೇವದಾಸಿಯರದೇ ಆದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಆರಂಭವಾಯಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡವರು. 2018ರಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂತು. ಹಳ್ಳಿಹಳ್ಳಿಯಲ್ಲಿ ಸಂಘ ಕಟ್ಟಿ, ಸಭೆ ಸೇರಿ, ಮುತ್ತು ಕಟ್ಟುವ ಮನೆಗೆ ಹೋಗಿ ತಡೆಯುವುದು ಅವರ ದಾರಿಯಾಯಿತು. ಪುಸ್ತಕದ ಕೊನೆಯ ಅಧ್ಯಾಯವಾದ ‘ಸಮುದಾಯ’ದಲ್ಲಿ ಲೇಖಕರು ಸಂತ ಯೊವಾನ್ನರ ಕತ್ತಲ ರಾತ್ರಿಯನ್ನು ನೆನೆದು, ಆ ಒಂಟಿತನವನ್ನು ದಾಟಿಸುವುದು ಜೊತೆಗೂಡಿದ ಜನರೇ ಎನ್ನುತ್ತಾರೆ. ಈ ಅಧ್ಯಾಯವನ್ನು ಸಂಘದ ಸಭೆಯಲ್ಲಿ ಕುಳಿತ ಹೆಂಗಸರು ದೈವಶಾಸ್ತ್ರಜ್ಞರಿಗಿಂತ ಬೇಗ ತಿಳಿದುಕೊಂಡಾರು. ಆದರೆ ಪುಸ್ತಕದಲ್ಲಿ ಹೆಂಗಸರ ದನಿಗೆ ಸಿಕ್ಕಿರುವ ಜಾಗ ಚಿಕ್ಕದು. ಇದನ್ನು ಕೊರತೆಯೆಂದೇ ಹೇಳಬೇಕು.

ಶೈಲಿಯ ಬಗ್ಗೆ ಒಂದು ಮಾತು. ಎರಡನೆಯ ಭಾಗದಲ್ಲಿ ಸಂತ ಪೌಲರ ‘ಶರೀರ’ ಮತ್ತು ‘ಆತ್ಮ’ ಪದಗಳ ವಿವರಣೆ ದೀರ್ಘವಾಗಿದೆ, ಗುರುಮಠದ ತರಗತಿಯ ವಾಸನೆ ಬರುತ್ತದೆ. ಧರ್ಮಕೇಂದ್ರದಲ್ಲಿ ಓದುವ ಗುಂಪು ಕಟ್ಟಿಕೊಳ್ಳುವವರು ಅದನ್ನು ಸದ್ಯಕ್ಕೆ ಬಿಟ್ಟು ಮೂರನೆಯ ಭಾಗದಿಂದ ಆರಂಭಿಸಲಿ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿಯ ನಂತರ ಒಂದೊಂದು ಅಧ್ಯಾಯದಂತೆ ತೆಗೆದುಕೊಂಡರೆ ಐದು ವಾರದಲ್ಲಿ ಮುಗಿಯುತ್ತದೆ. ಜಪಸರದ ಗುಂಪಿನವರನ್ನೂ ಸಂಘದವರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಯೊವಾನ್ನನ ಶುಭಸಂದೇಶದ ನಾಲ್ಕನೆಯ ಅಧ್ಯಾಯವನ್ನು ಜೊತೆಗಿಟ್ಟುಕೊಂಡು ಓದಬಹುದು.