ನಾಳೆಯೂ ಬರುವ ಗಿರಾಕಿ

ವಿಜಯಪುರಕ್ಕೆ ವರ್ಗವಾದ ಮೊದಲ ವಾರ ನಾನು ಉಂಡದ್ದೆಲ್ಲ ಕೆಟ್ಟ ಊಟ. ತಪ್ಪು ನನ್ನ ಕಣ್ಣಿನದು. ಕುಂದಾಪುರದ ಕಡೆಯವನು ನಾನು. ಗಲ್ಲೆಯ ಮೇಲೆ ಕೃಷ್ಣನ ಪಟ, ಪಕ್ಕದಲ್ಲಿ ಊದುಬತ್ತಿ, ಒಳಗೆ ತೊಳೆದ ಕಲ್ಲಿನ ಮೇಜು, ಹೆಗಲ ಮೇಲೆ ಬಟ್ಟೆ ಹಾಕಿಕೊಂಡ ಮಾಣಿ, ಇಷ್ಟು ಕಂಡರೆ ಕಾಲು ತಾನಾಗಿ ಒಳಗೆ ನಡೆಯುತ್ತಿತ್ತು. ಅಲ್ಲಿಯೂ ಬಸ್ ನಿಲ್ದಾಣದ ಹತ್ತಿರ ಅಂಥದೊಂದು ಹೋಟೆಲಿತ್ತು. ಸಾಂಬಾರು ಬಣ್ಣದಲ್ಲಿ ಮಾತ್ರ ಸಾಂಬಾರು. ಇಡ್ಲಿ ಹಿಂದಿನ ದಿನದ್ದು. ಆರನೆಯ ದಿನ ನಮ್ಮ ಬ್ಯಾಂಕಿನ ಕ್ಯಾಷಿಯರ್ ಕನಿಕರಪಟ್ಟು ನನ್ನನ್ನು ಒಂದು ಓಣಿಯೊಳಗೆ ಕರೆದೊಯ್ದರು. ಬಣ್ಣ ಹಾರಿದ ಬೋರ್ಡಿನಲ್ಲಿ ದೇವರ ಹೆಸರು ಅಳಿಸಿಹೋಗಿ ‘ಖಾನಾವಳಿ’ ಎಂಬ ನಾಲ್ಕು ಅಕ್ಷರ ಉಳಿದಿತ್ತು. ಮನೆಯ ಪಡಸಾಲೆಯಲ್ಲಿ ನಾಲ್ಕು ಮೇಜು. ಒಳಗಿನಿಂದ ಟಪ್ ಟಪ್ ಎಂಬ ಸದ್ದು.

ಮೆನು ಇರಲಿಲ್ಲ. ಕೂತೊಡನೆ ತಾಟು ಬಂತು: ಎರಡು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಅದರ ಮೇಲೊಂದಿಷ್ಟು ಗಟ್ಟಿ ಮೊಸರು, ಹಸಿ ಮೆಂತ್ಯ ಸೊಪ್ಪು, ಹೆಚ್ಚಿದ ಉಳ್ಳಾಗಡ್ಡಿ. ರೊಟ್ಟಿ ಮುರಿದರೆ ಎರಡು ಪದರಾಗಿ ಬಿಟ್ಟುಕೊಂಡಿತು, ನಡುವಿನಿಂದ ಹಬೆ ಎದ್ದಿತು. ಗೋದಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಕುದಿನೀರು ಹಾಕಿ ನಾದಬೇಕು, ಅಂಗೈಯಲ್ಲಿ ತಟ್ಟಬೇಕು, ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೈ ಸವರಬೇಕು, ಕೊನೆಗೆ ಬೆಂಕಿಗೆ ಹಿಡಿದರೆ ಉಬ್ಬುತ್ತದೆ. ಉಬ್ಬಿದ್ದನ್ನು ಹತ್ತು ನಿಮಿಷ ಬಿಟ್ಟರೆ ಚರ್ಮ. ಉಣ್ಣುವವನು ಕೂತ ಮೇಲೆ ತಟ್ಟಬೇಕಾದ ಪದಾರ್ಥವಿದು. ನೂರಿಪ್ಪತ್ತು ಕುರ್ಚಿಯ ಹೋಟೆಲಿಗೆ ಈ ಲೆಕ್ಕ ಹೊಂದುವುದೇ ಇಲ್ಲ.

ಕೈ ತೊಳೆದು ಹೊರಟಾಗ ಒಳಗಿನಿಂದ ಅಕ್ಕನೊಬ್ಬರು ಕೇಳಿದರು: “ನಾಳಿ ಬರ್ತೀರೇನ್ರಿ?” ಹಿಟ್ಟಿನ ಅಂದಾಜಿಗೆ ಕೇಳುತ್ತಿದ್ದಾರೆ ಅಂದುಕೊಂಡೆ. ಇರಲೂಬಹುದು. ಆದರೆ ವರ್ಗಾವಣೆಯ ಮೇಲೆ ಊರೂರು ತಿರುಗಿ, ಸಂಸಾರವನ್ನು ಊರಲ್ಲೇ ಬಿಟ್ಟು, ವರ್ಷಗಟ್ಟಲೆ ಹೋಟೆಲಿನಲ್ಲಿ ಉಂಡವನ ತೀರ್ಮಾನ ಇದು: ಕರ್ನಾಟಕದ ಯಾವ ಮೂಲೆಯಲ್ಲಾದರೂ ಒಳ್ಳೆಯ ಊಟ ಸಿಗುವುದು ಈ ಪ್ರಶ್ನೆ ಹುಟ್ಟುವ ಜಾಗದಲ್ಲಿ.

ನಮ್ಮಲ್ಲಿ ಒಂದು ಸುಲಭದ ನಂಬಿಕೆಯಿದೆ. ಯಾವ ಸೀಮೆಯ ಅಡುಗೆ ಚೆನ್ನವೋ ಆ ಸೀಮೆಯ ಹೋಟೆಲೂ ಚೆನ್ನ ಎಂದು. ಕೊಡಗು ಇದನ್ನು ಒಂದೇ ಮಧ್ಯಾಹ್ನದಲ್ಲಿ ಸುಳ್ಳು ಮಾಡುತ್ತದೆ. ಪಂದಿ ಕರಿ, ಕಡಂಬುಟ್ಟು, ನೂಲ್‌ಪುಟ್ಟು, ಅಕ್ಕಿ ಒಟ್ಟಿಯ ನಾಡು ಅದು. ಹಣ್ಣಿನ ರಸವನ್ನು ಗಂಟೆಗಟ್ಟಲೆ ಕಾಯಿಸಿ ಕಪ್ಪಗೆ ಇಳಿಸಿದ ಕಾಚಂಪುಳಿ ಆ ಅಡುಗೆಯ ಜೀವ. ಮಡಿಕೇರಿಯಲ್ಲಿ ಒಮ್ಮೆ, ಪ್ರವಾಸಿಗಳೇ ತುಂಬಿದ ಹೋಟೆಲೊಂದರಲ್ಲಿ ಪಂದಿ ಕರಿ ತರಿಸಿದೆ. ಬಂದದ್ದು ಸೋಯಾ ಸಾಸಿನ ಸಿಹಿ ಹತ್ತಿದ ಕೆಂಪು ಗ್ರೇವಿ. ಮಾರನೆಯ ವಾರ ಸಹೋದ್ಯೋಗಿಯ ಮನೆಯ ಊಟದಲ್ಲಿ ಅದೇ ಹೆಸರಿನ ಪದಾರ್ಥ ಉಂಡೆ. ಮಸಿಗಪ್ಪು, ಮೆಣಸಿನ ಖಾರ, ಕೊನೆಯಲ್ಲಿ ನಾಲಿಗೆಯ ಅಂಚನ್ನು ಹಿಡಿಯುವ ಹುಳಿ. ಎರಡಕ್ಕೂ ಸಂಬಂಧವೇ ಇರಲಿಲ್ಲ. ಕೊಡಗಿನಲ್ಲಿ ನೆಂಟ ಹೋಟೆಲಿಗೆ ಹೋಗುವುದಿಲ್ಲ, ಮನೆಗೆ ಬರುತ್ತಾನೆ. ಹೋಟೆಲಿಗೆ ಹೋಗುವವನು ಅಬ್ಬಿ ಜಲಪಾತ ನೋಡಿ ಸಂಜೆಗೆ ಹೊರಟುಬಿಡುವವನು. ಅವನು ಮೆಚ್ಚಿದರೂ ಅಷ್ಟೆ, ಬಿಟ್ಟರೂ ಅಷ್ಟೆ. ಹೋಂಸ್ಟೇಗಳು ಬಂದ ಮೇಲೆ ಇದು ಕೊಂಚ ಬದಲಾಗಿದೆ. ಅಲ್ಲಿ ಬಡಿಸುವವರು ಮನೆಯವರೇ, ಅವರೂ ಅದನ್ನೇ ಉಣ್ಣುವವರು.

ಮಲೆನಾಡಿನ ಕತೆಯೂ ಹತ್ತಿರದ್ದೇ. ತೀರ್ಥಹಳ್ಳಿ, ಸಾಗರ, ಶಿರಸಿಯ ಮನೆಗಳಲ್ಲಿ ಒಂದೆಲಗದ ತಂಬುಳಿ, ಅಪ್ಪೆಹುಳಿ, ಮಳೆಗಾಲದ ಕಳಲೆ, ಪತ್ರೊಡೆ. ಪೇಟೆಯ ಹೋಟೆಲುಗಳಲ್ಲಿ ಇವು ಹುಡುಕಿದರೂ ಕಾಣುವುದು ಅಪರೂಪ. ತಂಬುಳಿ ಮಾಡಿಟ್ಟರೆ ಸಂಜೆಗೆ ಹುಳಿಯುತ್ತದೆ. ಕಳಲೆಯನ್ನು ದಿನವೂ ನೀರು ಬದಲಿಸಿ ನೆನೆಸಬೇಕು. ಮನೆಯ ಅಡುಗೆ ಇಷ್ಟು ಚೆನ್ನಾಗಿರುವ ಕಡೆ ಹೊರಗೆ ಉಣ್ಣುವವರು ಕಡಿಮೆ, ಉಣ್ಣುವವರಿಗೆ ಬೇಕಾದದ್ದು ಮನೆಯಲ್ಲಿ ಸಿಗದ ಗೋಬಿ ಮಂಚೂರಿ.

ಹಾಗಾದರೆ ಉಡುಪಿ? ಹೋಟೆಲೆಂಬ ಮಾತಿಗೆ ಹೆಸರನ್ನೇ ಕೊಟ್ಟ ಊರು. ಆದರೆ ಉಡುಪಿ ಹೋಟೆಲಿನ ಕೀರ್ತಿ ಬೆಳೆದದ್ದು ಉಡುಪಿಯಿಂದ ದೂರದಲ್ಲಿ. ಪಾರಂಪಳ್ಳಿಯಿಂದ ಹೊರಟ ಮಯ್ಯ ಸೋದರರು ಬೆಂಗಳೂರಿನಲ್ಲಿ 1924ರಲ್ಲಿ ಶುರುಮಾಡಿದ ತಿಂಡಿ ಮನೆ ಮುಂದೆ ಎಂ.ಟಿ.ಆರ್. ಆಯಿತು. ಕೆ. ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಕಟ್ಟಿದ್ದು ಮದರಾಸಿನಲ್ಲಿ. ಎ. ರಾಮ ನಾಯಕರು 1942ರಲ್ಲಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು ಮುಂಬಯಿಯ ಮಾಟುಂಗಾದಲ್ಲಿ, ರೈಲು ನಿಲ್ದಾಣದ ಮಗ್ಗುಲಲ್ಲಿ. ಮನೆ ಬಿಟ್ಟು ಬಂದ ಗುಮಾಸ್ತರು, ಟೈಪಿಸ್ಟರು, ವಿದ್ಯಾರ್ಥಿಗಳು ದಿನಕ್ಕೆರಡು ಸಲ ಬರುವ ಊರುಗಳವು. ಇವತ್ತು ಸಾರಿಗೆ ಇಂಗು ಕಡಿಮೆಯಾದರೆ ನಾಳೆ ಅದೇ ಮನುಷ್ಯ ಎದುರು ಕೂತು ಹೇಳುತ್ತಾನೆ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ತೆರೆದ ಹೋಟೆಲು ಗಿರಾಕಿಯ ಹೆಸರನ್ನೇ ತನಗೆ ಇಟ್ಟುಕೊಂಡಿತು: ವಿದ್ಯಾರ್ಥಿ ಭವನ. ಮಠದ ಅಡುಗೆಯ ಶಿಸ್ತು ಇವರಿಗೆಲ್ಲ ಬಂಡವಾಳವಾಗಿತ್ತು ನಿಜ. ಅದನ್ನು ದಿನವೂ ಒರೆಗೆ ಹಚ್ಚಿದವರು ಈ ಗಿರಾಕಿಗಳು.

ಕರಾವಳಿಯ ಮೀನೂಟದ ಜಾಗ ಹುಡುಕಲು ನೋಡಬೇಕಾದ ಗುರುತೇ ಬೇರೆ. ಅಲ್ಲಿ ಗೋಡೆ, ಮೇಜು ನೋಡಿದರೆ ಮೋಸಹೋಗುತ್ತೀರಿ. ಮಂಗಳೂರಿನ ಬಂದರಿನ ‘ನಾರಾಯಣ’ದಲ್ಲಿ ಮಧ್ಯಾಹ್ನ ಒಂದಕ್ಕೆ ಮೇಜಿಗಾಗಿ ಬೇರೆಯವರ ಬೆನ್ನ ಹಿಂದೆ ನಿಂತುಕೊಳ್ಳಬೇಕು. ಮಸಾಲೆ ಹಚ್ಚಿದ ಮೀನನ್ನು ತಟ್ಟೆಯಲ್ಲಿ ತಂದು ತೋರಿಸುತ್ತಾರೆ, ಬೇಕಾದ್ದನ್ನು ಬೆರಳು ಮಾಡಿ ಆರಿಸಿಕೊಳ್ಳಬೇಕು. ಉಣ್ಣುವವರಲ್ಲಿ ಬಂದರಿನ ಕೆಲಸದವರಿಂದ ವಕೀಲರವರೆಗೆ ಎಲ್ಲರೂ ಇರುತ್ತಾರೆ. ಬಂಗುಡೆಯ ಕಣ್ಣು ಮಂಜಾಗಿದೆಯೋ ಇಲ್ಲವೋ ಅವರಿಗೆ ಗೊತ್ತು. ನನ್ನ ಪರೀಕ್ಷೆ ಸರಳ: ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳಲ್ಲಿ “ಅಂಜಲ್ ಇಲ್ಲ, ನಾಡದೋಣಿಯ ಮೀನು ಬಂದರೆ ಉಂಟು” ಅನ್ನುವ ಹೋಟೆಲನ್ನು ವರ್ಷವಿಡೀ ನಂಬಬಹುದು. ಹನ್ನೆರಡು ತಿಂಗಳೂ ಎಲ್ಲ ಮೀನೂ ಉಂಟೆನ್ನುವವನ ಹಿಂದೆ ದೊಡ್ಡ ಫ್ರೀಜರೊಂದು ಇರುತ್ತದೆ.

ಹಳೇ ಮೈಸೂರಿನ ಕಡೆ ಗುರುತು ಹೊತ್ತಿನದು. ಮಂಡ್ಯದ ಮಿಲಿಟರಿ ಹೋಟೆಲಿಗೆ ಮಧ್ಯಾಹ್ನ ಮೂರಕ್ಕೆ ಹೋಗಿ ಮುದ್ದೆ ಚೆನ್ನಾಗಿಲ್ಲ ಅಂದರೆ ತಪ್ಪು ಹೋದವನದು. ಬೆಳಗ್ಗೆ ಕಾಲು ಸೂಪು, ಹನ್ನೆರಡೂವರೆಗೆ ಮುದ್ದೆ, ನಾಟಿಕೋಳಿ ಸಾರು. ಎರಡಕ್ಕೆಲ್ಲ ಪಾತ್ರೆ ಕವುಚಿರಬೇಕು. ತುಮಕೂರಿನ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೂ ಇದೇ ನಿಯಮ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಕಾಲದ ಹಸಿವೇ ಬೆಣ್ಣೆ ದೋಸೆಯನ್ನೂ ಮಂಡಕ್ಕಿ–ಮೆಣಸಿನಕಾಯಿಯನ್ನೂ ಸಾಕಿತು ಎಂದು ನನ್ನ ಊಹೆ. ಪಾಳಿ ಮುಗಿಸಿ ಬಂದವನಿಗೆ ಕೈಯಲ್ಲಿ ಕಡಿಮೆ ದುಡ್ಡು, ಹೊಟ್ಟೆಯಲ್ಲಿ ದೊಡ್ಡ ಹಸಿವು. ಧಾರವಾಡದ ಖಾನಾವಳಿಗಳು ನಿಂತದ್ದು ಕಾಲೇಜು ಹುಡುಗರ ತಿಂಗಳ ಲೆಕ್ಕದ ಮೇಲೆ. ಹುಬ್ಬಳ್ಳಿಯ ಸಾವಜಿ ಖಾನಾವಳಿಗಳಲ್ಲಿ ಎದುರಿನವನ ಮೂಗು ಕೆಂಪಾಗಿದೆಯೇ ಎಂದು ನೋಡಿಯೇ ಖಾರದ ಖಾತ್ರಿ ಮಾಡಿಕೊಳ್ಳಬಹುದು.

ದಿನವೂ ಬರುವವರನ್ನು ನಂಬಿದ ಇಂಥ ಜಾಗಗಳಿಗೆ ಪೂರಾ ವಿರುದ್ಧವಾದದ್ದು ರಾತ್ರಿ ಬಸ್ಸು ನಿಲ್ಲುವ ಹೋಟೆಲು. ಹನ್ನೊಂದು ಗಂಟೆಗೆ ಬಸ್ಸು ತಾನಾಗಿ ತಿರುಗಿ ಅಂಗಳಕ್ಕೆ ಬಂದು ನಿಲ್ಲುತ್ತದೆ. ಪ್ರಯಾಣಿಕರಿಗೆ ಹಸಿರು ಬಣ್ಣದ ಪಲಾವು; ಡ್ರೈವರ್, ಕಂಡಕ್ಟರಿಗೆ ಒಳಗಿನ ಕೋಣೆಯಲ್ಲಿ ಬೇರೆ ಊಟ. ನಾನೊಮ್ಮೆ ಆ ಬಾಗಿಲ ಸಂದಿಯಿಂದ ಕಂಡೆ: ಅವರ ತಟ್ಟೆಯಲ್ಲಿ ಬಿಸಿ ಚಪಾತಿ, ಮೊಟ್ಟೆ ಪಲ್ಯ. ಅಡುಗೆಯವನಿಗೆ ಕೈ ಬರುವುದಿಲ್ಲ ಎಂದಲ್ಲ. ಯಾರು ನಾಳೆಯೂ ಬರುತ್ತಾರೆ ಎಂಬುದು ಅವನಿಗೆ ಗೊತ್ತು.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಬೈಪಾಸಿನ ಬದಿಗೆ ಸರಿದವು. ತಿಂಡಿಯ ಹೆಸರಿನಿಂದಲೇ ಗುರುತಿಸಿಕೊಂಡ ಊರುಗಳಿವು. ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ. ವಾರಕ್ಕೊಮ್ಮೆ ಅದೇ ರಸ್ತೆಯಲ್ಲಿ ಓಡಾಡುತ್ತ ಅದೇ ಹೋಟೆಲಿನ ಮುಂದೆ ಕಾರು ನಿಲ್ಲಿಸುತ್ತಿದ್ದವರು ಈಗ ಮೇಲಿನಿಂದ ಹಾದುಹೋಗುತ್ತಾರೆ. ರಸ್ತೆ ಉಳಿಸಿದ ಗಂಟೆಗಳ ಲೆಕ್ಕ ಎಲ್ಲರಿಗೂ ಗೊತ್ತು. ಅದು ತಪ್ಪಿಸಿದ ಪರಿಚಯದ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಈಗ ಊಟ ಹುಡುಕುವ ಕೆಲಸವನ್ನು ಫೋನಿಗೆ ಒಪ್ಪಿಸಿದ್ದೇವೆ. ಎಲ್ಲ ಸೀಮೆಗೂ ಒಂದೇ ಅಳತೆಗೋಲು, ಐದು ನಕ್ಷತ್ರ. ನನ್ನ ವಿಜಯಪುರದ ಖಾನಾವಳಿಯನ್ನು ಮೊನ್ನೆ ಅಲ್ಲಿ ಹುಡುಕಿ ನೋಡಿದೆ. ಒಬ್ಬರು “ಪಾರ್ಕಿಂಗ್ ಇಲ್ಲ” ಎಂದು ಒಂದು ನಕ್ಷತ್ರ ಕೊಟ್ಟಿದ್ದರು. ಇನ್ನೊಬ್ಬರಿಗೆ ಪನೀರ್ ಸಿಗಲಿಲ್ಲವೆಂಬ ಬೇಸರ. ಅಲ್ಲಿ ತಿಂಗಳಿಡೀ ಉಣ್ಣುವ ಮಾರುಕಟ್ಟೆ ಗುಮಾಸ್ತ ನಕ್ಷತ್ರ ಕೊಡುವ ಗೋಜಿಗೆ ಹೋಗುವುದಿಲ್ಲ. ಮತ್ತೆ ಬರುವುದೇ ಅವನ ಷರಾ. ಹೀಗೆ ಒಮ್ಮೆ ಬಂದುಹೋಗುವವರ ಅಭಿಪ್ರಾಯವೆಲ್ಲ ಕಲೆಹಾಕಿ ಮತ್ತೊಬ್ಬ ಒಮ್ಮೆ ಬಂದುಹೋಗುವವನಿಗೆ ದಾರಿ ತೋರಿಸುವ ಏರ್ಪಾಡು ಇದು. ಅಪರಿಚಿತ ಊರಲ್ಲಿ ತೀರ ಕೆಟ್ಟದ್ದನ್ನು ತಪ್ಪಿಸಿಕೊಳ್ಳಲು ಉಪಯೋಗಕ್ಕೆ ಬರುತ್ತದೆ, ನಾನೂ ಬಳಸುತ್ತೇನೆ. ಒಳ್ಳೆಯದನ್ನು ಹುಡುಕಿಕೊಟ್ಟದ್ದು ನೆನಪಿಲ್ಲ. ಅದಕ್ಕಾಗಿ ತಹಶೀಲ್ದಾರ್ ಕಚೇರಿಯ ಜವಾನನನ್ನೋ ಎಪಿಎಂಸಿಯ ಹಮಾಲರನ್ನೋ ಕೇಳಬೇಕು. ಕೇಳುವ ಮಾತೂ ಸರಿಯಿರಬೇಕು. “ಒಳ್ಳೆ ಹೋಟೆಲ್ ಯಾವುದು?” ಅಂದರೆ ಎ.ಸಿ. ಇರುವುದನ್ನು ತೋರಿಸುತ್ತಾರೆ. “ನೀವು ಎಲ್ಲಿ ಉಣ್ತೀರಿ?” ಅನ್ನಬೇಕು.

ದಿನದ ಗಿರಾಕಿಯನ್ನು ಇಷ್ಟು ಹೊಗಳಿದ ಮೇಲೆ ಅವನ ದೋಷವನ್ನೂ ಹೇಳಬೇಕು. ಅವನಿಗೆ ಬದಲಾವಣೆ ಆಗದು. ನಲವತ್ತು ವರ್ಷದಿಂದ ಮಂಗಳವಾರ ಅದೇ ಸಾಗು. ಅವನಿಗೆ ಅಗ್ಗ ಬೇಕು. ಅಗ್ಗಕ್ಕಾಗಿ ಕಡಲೆಕಾಯಿ ಎಣ್ಣೆ ಹೋಗಿ ತಾಳೆಣ್ಣೆ ಬಂದರೆ ಸುಮ್ಮನಿರುತ್ತಾನೆ. ಇದಕ್ಕಿಂತ ದೊಡ್ಡ ಮಾತೊಂದಿದೆ. ಈ ಗಿರಾಕಿ ಯಾರಾಗಬಹುದಿತ್ತು ಎಂಬುದನ್ನು ಬಾಗಿಲಿನ ಬೋರ್ಡೇ ತೀರ್ಮಾನಿಸುತ್ತಿದ್ದ ಕಾಲವಿತ್ತು. ಬ್ರಾಹ್ಮಣರ ಕಾಫಿ ಕ್ಲಬ್ಬು, ಲಿಂಗಾಯತ ಖಾನಾವಳಿ ಎಂಬ ಬೋರ್ಡುಗಳು ರುಚಿಯ ಭರವಸೆ ಕೊಟ್ಟಂತೆಯೇ ಯಾರು ಎಲ್ಲಿ ಕೂರಬೇಕೆಂಬುದನ್ನೂ ಹೇಳಿದವು. ಸಂವಿಧಾನದ 15ನೇ ವಿಧಿ ಅಂಗಡಿಯ ಜೊತೆಗೆ ಸಾರ್ವಜನಿಕ ಹೋಟೆಲು, ಉಪಾಹಾರಗೃಹಗಳ ಹೆಸರು ಹಿಡಿದೇ ತಡೆ ಕೂಡದು ಎನ್ನಬೇಕಾಯಿತು. ಬಾಗಿಲು ತೆರೆಯಿತು, ಅಡುಗೆಮನೆ ಅಷ್ಟಾಗಿ ತೆರೆಯಲಿಲ್ಲ. ದಲಿತರ ಮನೆಗಳ ಅಡುಗೆಯನ್ನು ಹೆಸರಿಟ್ಟು ಬಡಿಸುವ ಹೋಟೆಲನ್ನು ನನ್ನ ಇಷ್ಟು ವರ್ಷಗಳ ಅಲೆದಾಟದಲ್ಲಿ ನಾನು ಕಾಣಲಿಲ್ಲ. ಬೆಂಗಳೂರಿನ ಜಯನಗರದಲ್ಲಿ 1983ರಲ್ಲಿ ಶುರುವಾದ ಕೆಫೆ ದರ್ಶಿನಿಯ ಬಗೆಯನ್ನು ನಾನು ಮೆಚ್ಚುವುದು ಇದಕ್ಕೇ. ಅಲ್ಲಿ ಕುರ್ಚಿಯೇ ಇಲ್ಲ, ಪಂಕ್ತಿಯೂ ಇಲ್ಲ. ಟೋಕನ್ ಹಿಡಿದವರೆಲ್ಲ ಒಂದೇ ಕಲ್ಲಿನ ಮುಂದೆ ನಿಂತು ತಿನ್ನುತ್ತಾರೆ. ಮುಂದೆ ಬೀದಿಗೊಂದರಂತೆ ಬಂದ ದರ್ಶಿನಿಗಳಲ್ಲಿ ರುಚಿ ಒಂದೇ ಅಚ್ಚಿನದಾಯಿತು ಎಂಬ ದೂರನ್ನು ಒಪ್ಪುತ್ತೇನೆ, ಆದರೂ.

ನಿವೃತ್ತಿಯಾದ ಮೇಲೆ ಗೋಳಗುಮ್ಮಟ ತೋರಿಸಲೆಂದು ಮೊಮ್ಮಗಳನ್ನು ಕರೆದುಕೊಂಡು ವಿಜಯಪುರಕ್ಕೆ ಹೋಗಿದ್ದೆ. ಓಣಿ ಹಾಗೇ ಇತ್ತು, ಬೋರ್ಡು ಹೊಸದು. ಒಳಗೆ ತಟ್ಟುತ್ತಿದ್ದವರು ಸೊಸೆ. ಅಕ್ಕ ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. ಹೇಳಿಕೊಳ್ಳಲೂ ಹೋಗಲಿಲ್ಲ. ರೊಟ್ಟಿ ಎರಡು ಪದರಾಗಿ ಬಿಟ್ಟುಕೊಂಡಿತು, ಮೊಮ್ಮಗಳು ಹಬೆಗೆ ಮುಖ ಒಡ್ಡಿ ನಕ್ಕಳು. ಏಳುವಾಗ ಅದೇ ಪ್ರಶ್ನೆ: “ನಾಳಿ ಬರ್ತೀರೇನ್ರಿ?” ಇಲ್ಲ, ಇವತ್ತು ರಾತ್ರಿಯ ರೈಲಿಗೆ ಹೊರಡುತ್ತೇವೆ ಅಂದೆ. ಪಕ್ಕದ ಮೇಜಿನಲ್ಲಿ ನಾಲ್ವರು ಹಮಾಲರು ಮೂರನೆಯ ರೊಟ್ಟಿಗೆ ಕಾಯುತ್ತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ನಮ್ಮ ತಾಟಿಗೆ ಬಿದ್ದ ರೊಟ್ಟಿ ಅವರಿಗಾಗಿ ನಾದಿದ ಹಿಟ್ಟಿನದು.