ಮಹಾಮಾರಿಯ ಕಥನವೂ ಮರಳುವ ದಾರಿಯೂ

1348ರಲ್ಲಿ ಮಹಾಮಾರಿಯು ಫ್ಲಾರೆನ್ಸ್ ನಗರವನ್ನು ಹೊಕ್ಕ ಕಾಲವನ್ನೇ ಹಿನ್ನೆಲೆಯಾಗಿರಿಸಿಕೊಂಡ ತನ್ನ ಕಥಾಗ್ರಂಥದಲ್ಲಿ ಬೊಕಾಚಿಯೋ, ಏಳು ಮಂದಿ ತರುಣಿಯರನ್ನೂ ಮೂವರು ತರುಣರನ್ನೂ ಊರ ಹೊರಗಣ ಉಪವನಗಳಿಗೆ ಕರೆದೊಯ್ದು, ಅವರ ಬಾಯಿಂದ ನೂರು ಕಥೆಗಳನ್ನು ಹೇಳಿಸಿ, ಕಡೆಗೆ ಅವರನ್ನು ಅದೇ ನಗರಕ್ಕೆ ಮರಳಿಸುತ್ತಾನೆ. ಹೆಣಗಳ ವರ್ಣನೆಗಿಂತಲೂ ಈ ಮರಳುವಿಕೆಯೇ ಆ ಗ್ರಂಥದ ಜೀವವೆಂದು ನನ್ನ ಎಣಿಕೆ. ಮೇರಿ ಶೆಲ್ಲಿಯ ‘ದಿ ಲಾಸ್ಟ್ ಮ್ಯಾನ್’ (1826) ಮೊದಲ್ಗೊಂಡು ಬಂದ ಪ್ರಳಯೋತ್ತರ ಕಾದಂಬರಿಗಳಲ್ಲಿ ನಡೆಯುವವನು ಉಳಿದಿರುತ್ತಾನೆ, ಸೇರಬೇಕಾದ ಊರು ಉಳಿದಿರುವುದಿಲ್ಲ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ಎರಡು ಬಗೆಗಳಿಗೂ ಸೇರಿದ ಕೃತಿ. ಅಗ್ರಹಾರದಲ್ಲಿ ಇಲಿಗಳು ಸಾಯುತ್ತವೆ. ಮನೆಗಳ ಮೇಲೆ ಹದ್ದುಗಳು ಕೂರುತ್ತವೆ. ಅವನ್ನು ಓಡಿಸಲು ಬ್ರಾಹ್ಮಣರು ಶಂಖ ಊದಿ ಜಾಗಟೆ ಬಾರಿಸುತ್ತಾರೆ. ಪೂಜೆಯ ಪರಿಕರವೇ ಹಕ್ಕಿ ಬೆದರಿಸುವ ಸಾಧನವಾಗುವ ಈ ಚಿತ್ರಕ್ಕೆ ಸಮನಾದುದು ನಮ್ಮಲ್ಲಿ ವಿರಳ. ಪತ್ನಿಯನ್ನು ದಹಿಸಿ ಹೊರಟ ಕಥಾನಾಯಕ ಪ್ರಾಣೇಶಾಚಾರ್ಯರು ಕೊನೆಗೆ ಮರಳುವ ಗಾಡಿಯನ್ನೇನೋ ಏರುತ್ತಾರೆ; ಆದರೆ ಊರು ತಲಪುವ ಮುನ್ನವೇ ಕಥೆ ನಿಂತುಬಿಡುತ್ತದೆ. ಆಚಾರ್ಯರ ಅಂತರಂಗಕ್ಕೆ ಅಷ್ಟು ಪುಟಗಳನ್ನಿತ್ತ ಲೇಖಕರು, ಹೆಣಗಳೊಡನೆಯೇ ಸುಟ್ಟುಹೋದ ಹೊಲಗೇರಿಯ ಗುಡಿಸಲುಗಳನ್ನು ಅಂಚಿನಲ್ಲಿಯೇ ಇರಿಸಿದುದು ಕೃತಿಯ ದೊಡ್ಡ ಕೊರತೆ.

ಕಾದಂಬರಿಯ ಆಚೆಗೂ ನಮ್ಮ ಸೀಮೆ ಮಹಾಮಾರಿಯನ್ನು ಕಂಡಿದೆ. 1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗು ಹಿಡಿದು, ವಿಜ್ಞಾನಿ ಹಾಫ್‌ಕಿನ್‌ನ ಲಸಿಕೆಯನ್ನು ಅಲ್ಲಿ ಸಾವಿರಾರು ಜನರಿಗೆ ಚುಚ್ಚಿದಾಗ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಅದೇ ಧಾರವಾಡ ಜಿಲ್ಲೆಯ, ಅದೇ ರೈಲುದಾರಿಯ ಪೇಟೆಗಳಾಗಿದ್ದವು. ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದು, ಬೇನೆ ಇಳಿದ ಮೇಲೆ ಮನೆಗೆ ಸುಣ್ಣ ಬಳಿದು ಮರಳುವುದು ಈ ಸೀಮೆಯ ಹಿರಿಯರ ನಡೆ. ಬೊಕಾಚಿಯೋನ ಹೆಸರನ್ನೇ ಕೇಳದೆ ಅವನ ಕಥಾಸಂವಿಧಾನವನ್ನು ಬಾಳಿದವರು ಇವರು, ಉಪವನದ ಸುಖವೊಂದನ್ನುಳಿದು.

ಭವಿಷ್ಯವನ್ನು ನುಡಿಯುವ ಪರಿಯೂ ಇಲ್ಲಿ ಬೇರೆ. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಗೊರವಯ್ಯನು ಬಿಲ್ಲನ್ನೇರಿ, ‘ಸದ್ದಲೇ’ ಎಂದು ಜನಸಾಗರವನ್ನು ಮೌನಗೊಳಿಸಿ ನುಡಿವ ಕಾರ್ಣಿಕವು ಒಂದೇ ಸಾಲಿನದು. ಅದು ಎಷ್ಟೇ ಘೋರವಾಗಿದ್ದರೂ ರೈತರು ಅದರಲ್ಲಿ ಅರಸುವುದು ಬರುವ ವರ್ಷದ ಮಳೆಬೆಳೆಯನ್ನೇ. ವರ್ಷವೊಂದು ಬಂದೇ ಬರುವುದೆಂಬ ಈ ನಂಬಿಕೆಯಲ್ಲಿ, ಎಲ್ಲವನ್ನೂ ಬೂದಿಯಾಗಿಸಿ ತೃಪ್ತಿಪಡುವ ಇಂದಿನ ಪ್ರಳಯಕಥೆಗಳಿಗಿಂತ ಪ್ರೌಢವಾದ ಕಲ್ಪನೆಯಿದೆ.

ನಮ್ಮ ಕಾದಂಬರಿಗೆ ಅಗ್ರಹಾರ ದಕ್ಕಿತು, ಹೊಲದ ಗುಡಿಸಲು ದಕ್ಕಲಿಲ್ಲ. ಅಡತಿ ಅಂಗಡಿಗಳ ಹಳೆಯ ಲೆಕ್ಕಪುಸ್ತಕಗಳೂ ಅಜ್ಜಿಯರಿಂದ ಕೇಳಿದ ಮಾತುಗಳೂ ಅಳಿಯುವ ಮುನ್ನ, ಈ ಮೂರು ಊರುಗಳ ಬರಹಗಾರರು ಆ ಗುಡಿಸಲಿನ ಕಥೆಯನ್ನು ಕೈಗೆತ್ತಿಕೊಳ್ಳಬೇಕು.