ಮಕ್ಕಳ ಕಥೆಯಲ್ಲಿ ನಾಯಕನ ಮರಣ: ಒಂದು ವಿವೇಚನೆ

ಮಕ್ಕಳಿಗಾಗಿ ಬರೆಯುವ ಲೇಖಕನು ಅವರ ಅಚ್ಚುಮೆಚ್ಚಿನ ಪಾತ್ರವನ್ನು ಸಾಯಿಸಬಹುದೇ? ಎಳೆಯ ಮನಸ್ಸಿಗೆ ಇಷ್ಟು ಬೇಗನೆ ಮರಣದ ದರ್ಶನವೇಕೆಂದು ಕೇಳುವ ಹಿರಿಯರು ಬಹಳ ಮಂದಿ. ಅವರ ಕಳಕಳಿಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ವಾಚಕರು ಅವಸರದ ತೀರ್ಪನ್ನು ಬದಿಗಿಟ್ಟು, ಕೆಲವು ಕೃತಿಗಳನ್ನು ಮುಂದಿರಿಸಿಕೊಂಡು ಇದನ್ನು ಪರಿಶೀಲಿಸಬೇಕೆಂದು ನನ್ನ ವಿಜ್ಞಾಪನೆ.

ಮೊದಲು ಇಟಲಿಯ ಕಾರ್ಲೊ ಕೊಲೋದಿಯ 'ಪಿನೋಕ್ಯೊ'ವನ್ನು ನೋಡೋಣ. 1881ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರುತ್ತಿದ್ದ ಈ ಕಥೆಯ 15ನೆಯ ಅಧ್ಯಾಯದಲ್ಲಿ ಕಳ್ಳರು ಮರದ ಗೊಂಬೆಯನ್ನು ಓಕ್ ಮರಕ್ಕೆ ನೇಣುಹಾಕುತ್ತಾರೆ. ಅಲ್ಲಿಗೆ ಕಥೆ ಮುಗಿದಿತ್ತು. ಓದುಗರ ಒತ್ತಾಯಕ್ಕೆ ಮಣಿದು ಕೊಲೋದಿ 1882ರಲ್ಲಿ ಅದನ್ನು ಮುಂದುವರಿಸಿದನು. 36 ಅಧ್ಯಾಯಗಳ ಪುಸ್ತಕವಾಗಿ 1883ರಲ್ಲಿ ಅದು ಹೊರಬಂದಿತು. ಓದುಗರ ಹಟ ನ್ಯಾಯವಾದುದೇ. ಏಕೆಂದರೆ ಆ ಮರಣವು ಮಾತು ಕೇಳದ ಹುಡುಗನಿಗೆ ವಿಧಿಸಿದ ದಂಡನೆಯಾಗಿತ್ತು. ಮುಂದೆ ಪಿನೋಕ್ಯೊ ತನ್ನನ್ನು ತೊರೆದ ದುಃಖದಿಂದ ನೀಲಿಗೂದಲ ಹುಡುಗಿ ಸತ್ತಳೆಂದು ಸಾರುವ ಸಮಾಧಿಯ ಕಲ್ಲು ಬರುತ್ತದೆ. ಆಮೇಲೆ ಅವಳು ಬದುಕಿಯೂ ಬರುತ್ತಾಳೆ. ಇಲ್ಲಿ ಸಾವು ಉಪಾಧ್ಯಾಯನ ಕೈಯ ಬೆತ್ತ. ಬೆತ್ತವಾಗಿ ಬಳಸಿದ ಸಾವು ಮಗುವಿಗೆ ಭಯವನ್ನು ಕೊಟ್ಟೀತೇ ಹೊರತು ತಿಳಿವನ್ನು ಕೊಡಲಾರದು.

ಇದಕ್ಕೆ ತೀರ ಭಿನ್ನವಾದುದು ಅಮೆರಿಕದ ಇ. ಬಿ. ವೈಟ್ 1952ರಲ್ಲಿ ಪ್ರಕಟಿಸಿದ 'ಷಾರ್ಲಟ್ಸ್ ವೆಬ್'. ಕಡಿಯಲೆಂದೇ ಸಾಕಿದ ವಿಲ್ಬರ್ ಎಂಬ ಹಂದಿಮರಿಯನ್ನು ಷಾರ್ಲಟ್ ಎಂಬ ಜೇಡವು ತನ್ನ ಬಲೆಯಲ್ಲಿ ಅಕ್ಷರಗಳನ್ನು ನೇಯ್ದು ಉಳಿಸುತ್ತದೆ. ಗೆಳೆಯನು ಪಾರಾದನು, ಜೇಡವೋ ಮೊಟ್ಟೆಗಳನ್ನಿಟ್ಟು, ಜನ ಚದುರಿದ ಜಾತ್ರೆಯ ಬಯಲಿನಲ್ಲಿ ಒಂಟಿಯಾಗಿ ಸಾಯುತ್ತದೆ. ಓದುವ ಮಗು ಅಳುತ್ತದೆ, ನಿಜ. ಆದರೆ ಮೋಸಹೋದೆನೆಂದು ಅಳುವುದಿಲ್ಲ. ಕೊಡಲಿಯ ಭೀತಿ ಮೊದಲ ಪುಟದಲ್ಲಿಯೇ ಇದೆ. ಮೊಟ್ಟೆಯಿಟ್ಟ ಜೇಡವು ಚಳಿಗಾಲವನ್ನು ಕಾಣದೆಂಬುದು ಸೃಷ್ಟಿಯ ನಿಯಮ. ವಿಲ್ಬರ್ ಆ ಮೊಟ್ಟೆಗಳ ಚೀಲವನ್ನು ಬಾಯಲ್ಲಿಟ್ಟುಕೊಂಡು ಊರಿಗೆ ತಂದು ಕಾಯುತ್ತಾನೆ. ವಸಂತದಲ್ಲಿ ಮರಿಗಳು ಹೊರಬಂದು ಗಾಳಿಯಲ್ಲಿ ತೇಲಿಹೋಗುತ್ತವೆ. ಮೂರು ಮಾತ್ರ ಅವನ ಬಳಿ ನಿಲ್ಲುತ್ತವೆ. ಷಾರ್ಲಟ್ ಮರಳಿ ಬರುವುದಿಲ್ಲ. ಲೇಖಕನ ಪ್ರಾಮಾಣಿಕತೆ ಇರುವುದು ಇಲ್ಲಿಯೇ. ಉಳಿದವನಿಗೆ ಅವನು ಸುಳ್ಳು ಸಮಾಧಾನವನ್ನು ಹೇಳದೆ ಒಂದು ಕರ್ತವ್ಯವನ್ನು ಕೊಟ್ಟಿದ್ದಾನೆ.

ಆದರೆ ಎಲ್ಲ ಸಾವುಗಳೂ ಮುನ್ಸೂಚನೆ ಕೊಟ್ಟು ಬರುವುದಿಲ್ಲವಷ್ಟೆ. ಕ್ಯಾಥರಿನ್ ಪ್ಯಾಟರ್ಸನ್ ಅವರ 'ಬ್ರಿಜ್ ಟು ಟೆರಬಿಥಿಯಾ' (1977) ಈ ಕಠಿಣ ಸತ್ಯವನ್ನು ಎತ್ತಿಕೊಂಡಿದೆ. ತಮ್ಮ ಮಗನ ಗೆಳತಿಯೊಬ್ಬಳು ಸಿಡಿಲಿಗೆ ಬಲಿಯಾದ ದುಃಖದಿಂದ ಹುಟ್ಟಿದ ಕೃತಿಯಿದು. ಜೆಸ್ ಊರಲ್ಲಿಲ್ಲದ ದಿನ ಹಗ್ಗ ಹರಿದು ಅವನ ಗೆಳತಿ ಲೆಸ್ಲಿ ಹಳ್ಳದ ಪಾಲಾಗುತ್ತಾಳೆ. ಅವನೊಡನೆ ನಾವೂ ಸುದ್ದಿಯನ್ನು ಮಾತ್ರ ಕೇಳುತ್ತೇವೆ. ಈ ಪುಸ್ತಕಕ್ಕೆ 1978ರಲ್ಲಿ ನ್ಯೂಬೆರಿ ಪದಕ ಸಂದಿತು. ಶಾಲೆಗಳಿಂದ ಇದನ್ನು ತೆಗೆಯಬೇಕೆಂಬ ಕೂಗೂ ಎದ್ದಿತು. ಸಾವು ಆಕಸ್ಮಿಕವೆಂಬ ಆಕ್ಷೇಪಕ್ಕೆ ನನ್ನ ಉತ್ತರವಿಷ್ಟೆ: ಜೆಸ್‌ನ ಕೋಪ, ನಂಬಲಾರದ ಹಟ, ತಾನು ಅವಳನ್ನು ಜೊತೆಗೆ ಕರೆದೊಯ್ಯಲಿಲ್ಲವೆಂಬ ಪಶ್ಚಾತ್ತಾಪ, ಇವೊಂದನ್ನೂ ಲೇಖಕಿ ಮುಚ್ಚಿಲ್ಲ. ಕೊನೆಗೆ ಅವನು ಆ ಹಳ್ಳಕ್ಕೆ ಸೇತುವೆ ಕಟ್ಟಿ ತನ್ನ ತಂಗಿಯನ್ನು ದಾಟಿಸುತ್ತಾನೆ.

ಇದೆಲ್ಲ ಪರದೇಶದ ಮಾತೆಂದು ತಳ್ಳಿಹಾಕಬೇಡಿ. ನಮ್ಮ ಗೋವಿನ ಹಾಡನ್ನು ನೆನೆಯಿರಿ. ಪುಣ್ಯಕೋಟಿಯು ಕರುವಿಗೆ ಮೇವಿಗೆ ಹೋಗಿಬರುವೆನೆಂದು ಹೇಳಿ ಹೊರಡಬಹುದಿತ್ತು. ಅದು ಹಾಗೆ ಮಾಡಲಿಲ್ಲ. ಹುಲಿಗೆ ಮಾತು ಕೊಟ್ಟು ಬಂದುದನ್ನು ಕಂದನಿಗೆ ನೇರವಾಗಿ ತಿಳಿಸಿ, ಅದನ್ನು ಬಳಗದ ಕೈಗೊಪ್ಪಿಸಿ ಹೊರಟಿತು. ಕೊನೆಗೆ ಸತ್ತುದು ಹುಲಿಯಾದರೂ, ಕೇಳುವ ಮಗುವಿನ ಕಣ್ಣು ತುಂಬುವುದು ಆ ಬೀಳ್ಕೊಡುಗೆಯಲ್ಲಿಯೇ. ಸತ್ಯವನ್ನು ಹೇಳಬೇಕು, ಹೇಳಿದ ಮೇಲೆ ಮಗುವನ್ನು ಒಂಟಿಯಾಗಿ ಬಿಡಬಾರದು. ನಮ್ಮ ಜನಪದ ಕವಿಗೆ ಇವೆರಡೂ ತಿಳಿದಿದ್ದವು.

ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿದ ತಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೆತ್ತವರನ್ನು ಕಳೆದುಕೊಂಡು ಟ್ರಂಕಿನೊಡನೆ ಬಂದಿಳಿದ ಸಹಪಾಠಿಯನ್ನು ತಾವು ಕಂಡಿದ್ದೀರಿ. ಮನೆಯಲ್ಲಿ ಅಜ್ಜನವರು ಲಿಂಗೈಕ್ಯರಾದರೆಂಬ ಮಾತು ಮಗುವಿನ ಕಿವಿಗೆ ಬೀಳುತ್ತದೆ. ಅದರ ಅರ್ಥವನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಅಂಥ ಮಗುವಿಗೆ ತನ್ನ ದುಃಖವನ್ನು ಬಲ್ಲ ಗೆಳೆಯನೊಬ್ಬನು ಪುಸ್ತಕದಲ್ಲಾದರೂ ದೊರೆಯಲಿ.

ಆದುದರಿಂದ ಲೇಖಕನು ಸಾಯಿಸಬಹುದೇ ಎಂಬುದಕ್ಕಿಂತ, ಸತ್ತ ಬಳಿಕ ಉಳಿದವರನ್ನು ಅವನು ಹೇಗೆ ನಡೆಸಿಕೊಂಡನೆಂಬುದೇ ವಿಮರ್ಶೆಯ ಒರೆಗಲ್ಲು. ಕಣ್ಣೀರಿನ ಆಸೆಗಾಗಿ ಕೊಂದವನನ್ನು ನಿರಾಕರಿಸಿರಿ. ಸೇತುವೆ ಕಟ್ಟಿಕೊಟ್ಟವನ ಪುಸ್ತಕವನ್ನು ಮಗುವಿನ ಕೈಗೆ ಕೊಡಿರಿ. ಆದರೆ ಕೊಟ್ಟು ಎದ್ದುಹೋಗದಿರಿ. ಆ ಪುಟ ಬಂದಾಗ ತಾವು ಪಕ್ಕದಲ್ಲಿ ಕುಳಿತಿರಬೇಕು.